ನಾನು ತಳ್ಳಿದ ಕಾರು

ನನಗೊಂದು ಚಟವಿದೆ. ಹೇಳಿದರೆ ನಗುತ್ತೀರಿ, ಆದರೂ ಹೇಳಿಬಿಡುತ್ತೇನೆ. ನಾನು ಕುಳಿತ ಆಟೋ ಏರು ಹತ್ತಲು ಶುರುಮಾಡಿದರೆ ಸಾಕು, ಹಿಂದಿನ ಸೀಟಿನಲ್ಲಿರುವ ನಾನು ಮುಂದಕ್ಕೆ ಬಾಗುತ್ತೇನೆ. ಹೊಟ್ಟೆ ಬಿಗಿಹಿಡಿಯುತ್ತೇನೆ. ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದು, ಹಲ್ಲು ಕಚ್ಚಿ, ಉಸಿರು ಕಟ್ಟಿ, ಆಟೋವನ್ನು ಮೇಲಕ್ಕೆ ತಳ್ಳುತ್ತೇನೆ. ಆಟೋದೊಳಗೇ ಕುಳಿತು ಆಟೋ ತಳ್ಳುವುದು ಹೇಗೆ ಎಂದು ನೀವು ಕೇಳಬಹುದು. ಅದು ನನಗೂ ಗೊತ್ತಿಲ್ಲ. ಆದರೆ ಫ್ಲೈಓವರಿನ ನೆತ್ತಿ ಮುಟ್ಟಿದ ಮೇಲೆ ಸೀಟಿಗೆ ಒರಗಿ ನಾನು ಬಿಡುವ ಉಸಿರಿನಲ್ಲಿ ದುಡಿದವಳ ತೃಪ್ತಿ ಇರುತ್ತದೆ. ಇಳಿಯುವಾಗ ಆ ಡ್ರೈವರು ಒಂದು ಥ್ಯಾಂಕ್ಸ್ ಆದರೂ ಹೇಳಬಹುದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ನನ್ನ ಗಂಡ ರಘು ಇದನ್ನು ಮದುವೆಯಾದ ಹೊಸತರಲ್ಲೇ ಕಂಡುಹಿಡಿದ. ಮೊದಮೊದಲು ನನಗೆ ಹೊಟ್ಟೆನೋವೆಂದು ಗಾಬರಿಯಾಗುತ್ತಿದ್ದ. ವಿಷಯ ಗೊತ್ತಾದ ಮೇಲೆ ಗಾಬರಿ ಹೋಯಿತು, ಗೇಲಿ ಬಂತು.

"ಮಂಜು, ನಿಜವಾಗ್ಲೂ ಸಹಾಯ ಮಾಡ್ಬೇಕು ಅಂತಿದ್ರೆ ಇಳಿದ್ಬಿಡು. ಇನ್ನೂ ಬೇಗ ಹತ್ತುತ್ತೆ."

ಹೀಗೆನ್ನುವ ಮಹಾನುಭಾವ ಎಂಥವನು ಎಂಬುದನ್ನೂ ಹೇಳಬೇಕಲ್ಲ. ಇಂದಿರಾನಗರದ ನಮ್ಮ ಮನೆಗೆ ಯಾರಾದರೂ ಬಂದರೆ, ಹಾಲಿನಲ್ಲಿ ಕಾಲು ಚಾಚಿ ಕುಳಿತು, "ಮನೆ ಕೆಲ್ಸ ಬಹುಪಾಲು ನಾನೇ ನೋಡ್ಕೊಳ್ಳೋದು" ಎನ್ನುತ್ತಾನೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಬಂದವರಿಗೆಂದು ನಾನು ಈರುಳ್ಳಿ ಹೆಚ್ಚುತ್ತಿರುತ್ತೇನೆ. ಕಣ್ಣೀರು ಈರುಳ್ಳಿಯದೋ ಆ ಮಾತಿನದೋ ಹೇಳಲಾರೆ. ಒಮ್ಮೆ ಅತಿಥಿಗಳು ಹೋದ ಮೇಲೆ ಜಗಳಕ್ಕೇ ನಿಂತೆ. ಅವನು ಮಾಡುವ ಕೆಲಸಗಳನ್ನೆಲ್ಲ ಹೇಳಲಿ, ನನ್ನವನ್ನು ನಾನು ಹೇಳುತ್ತೇನೆ ಎಂದು ಸವಾಲು ಹಾಕಿದೆ. ಹೇಳುತ್ತಾ ಹೋದ ನೋಡಿ! ನೀರಿನ ಕ್ಯಾನು, ಗ್ಯಾಸು, ಕೆಟ್ಟ ಬಲ್ಬು, ಅಸೋಸಿಯೇಷನ್ ಮೀಟಿಂಗು, ನನ್ನ ಸ್ಕೂಟರಿನ ಗಾಳಿ. ಇವನ್ನೆಲ್ಲ ಇವನು ಯಾವಾಗ ಮಾಡಿದ? ನಾನು ಈರುಳ್ಳಿ ಹೆಚ್ಚುವಾಗಲೇ ಇರಬೇಕು. ನಾನು ಹೇಳಿದ್ದನ್ನು ಕೇಳಿ ಅವನ ಮುಖವೂ ನನ್ನಂತೆಯೇ ಪೆಚ್ಚಾಯಿತು. ನನ್ನ ಕೆಲಸ ನಡೆಯುವಾಗ ನಾನು ಅಲ್ಲೇ ಇರುತ್ತೇನೆ. ಅವನದು ನಡೆಯುವಾಗ ಬೇರೆಲ್ಲೋ ಇರುತ್ತೇನೆ. ಇದಿಷ್ಟೇ ವಿಷಯ ಎಂದು ಅಂದು ಇಬ್ಬರೂ ಒಪ್ಪಿಕೊಂಡೆವು. ಮಾರನೆಯ ದಿನ ಮತ್ತೆ ಎತ್ತು ಏರಿಗೆ, ಕೋಣ ನೀರಿಗೆ.

ಇರಲಿ, ನನ್ನ ಚಟದ ವಿಷಯಕ್ಕೆ ಬರುತ್ತೇನೆ. ಅದರ ಬೇರು ಇರುವುದು ಹಲಸೂರಿನಲ್ಲಿ, ನಾನು ಹುಟ್ಟಿ ಬೆಳೆದ ಓಣಿಯಲ್ಲಿ.

ಆ ಓಣಿ ಮೇಲಿನಿಂದ ಕೆಳಗೆ ಮೇನ್ ರೋಡಿನವರೆಗೆ ಒಂದೇ ಇಳಿಜಾರು. ತಾತನ ಕಾಲಕ್ಕೆ ಅಲ್ಲೆಲ್ಲ ಸೊಪ್ಪಿನ ಮಡಿಗಳಿದ್ದವಂತೆ. ಮೇಲಿನ ಮಡಿಗೆ ಬಿಟ್ಟ ನೀರು ತಾನಾಗಿಯೇ ಕೆಳಗಿನ ಮಡಿಗೆ ಹೋಗುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಹುಟ್ಟುವ ಹೊತ್ತಿಗೆ ಸೊಪ್ಪು ಹೋಗಿ ಮನೆಗಳು ಬಂದಿದ್ದವು. ಇಳಿಜಾರು ಮಾತ್ರ ಉಳಿದಿತ್ತು. ಮಕ್ಕಳ ಕೈಯಿಂದ ಬಿದ್ದ ಚೆಂಡು, ಗೋಲಿ, ನಿಂಬೆಹಣ್ಣು ಎಲ್ಲವೂ ಮೇನ್ ರೋಡಿಗೆ ಹೋಗಿಯೇ ನಿಲ್ಲುತ್ತಿದ್ದವು.

ಈ ಇಳಿಜಾರಿನ ನಡುವೆ ನಮ್ಮ ಮನೆ. ಮನೆ ಮುಂದೆ ಅಪ್ಪನ ಕಾರು. ಓಣಿಗೆಲ್ಲ ಅದೊಂದೇ ಕಾರು. ಅಪ್ಪ ಅದನ್ನು ಪುಲಿಕೇಶಿನಗರದ ವಯಸ್ಸಾದ ಮೇಡಂ ಒಬ್ಬರಿಂದ ಕೊಂಡಿದ್ದರು. ಆಕೆ ಮಗಳ ಬಳಿ ಆಸ್ಟ್ರೇಲಿಯಾಕ್ಕೆ ಹೊರಟವರು. ನಾಯಿಯನ್ನು ಒಬ್ಬರಿಗೆ, ಪಿಯಾನೋವನ್ನು ಇನ್ನೊಬ್ಬರಿಗೆ, ಕಾರನ್ನು ಅಪ್ಪನಿಗೆ ಒಪ್ಪಿಸಿ ವಿಮಾನ ಹತ್ತಿದರು. ಮೂವರಲ್ಲಿ ಮೋಸಹೋದವರು ಅಪ್ಪ ಒಬ್ಬರೇ ಎಂಬುದು ಅಮ್ಮನ ಅಭಿಪ್ರಾಯ.

ಅದರ ಸೆಲ್ಫ್ ಹಿಡಿಯುತ್ತಿರಲಿಲ್ಲ. ಕೀ ತಿರುಗಿಸಿದರೆ ಒಳಗಿನಿಂದ ಒಂದು ನರಳಾಟ ಕೇಳುತ್ತಿತ್ತು, ಅಷ್ಟೆ. ಹ್ಯಾಂಡ್‌ಬ್ರೇಕೂ ನಿಲ್ಲುತ್ತಿರಲಿಲ್ಲ. ಅದಕ್ಕೆಂದು ಮುಂದಿನ ಚಕ್ರದ ಮುಂದೆ ಒಂದು ಕಲ್ಲು ಇಡುತ್ತಿದ್ದರು. ಅದು ಅಮ್ಮನ ಒರಳುಕಲ್ಲಿನ ಗುಂಡು, ಎಂದೋ ಎರಡು ಹೋಳಾಗಿತ್ತು, ಅದರಲ್ಲಿ ಒಂದು ಹೋಳು. ಉಳಿದಂತೆ ಕಾರು ಚೆನ್ನಾಗಿತ್ತು ಎಂದು ಅಪ್ಪ ಇಂದಿಗೂ ಹೇಳುತ್ತಾರೆ.

ಹಾಗಾಗಿ ಕಾರು ಹೊರಡಬೇಕಾದರೆ ತಳ್ಳಬೇಕು. ತಳ್ಳಲು ಜನ ಬೇಕು. ಜನಕ್ಕೆ ನಮ್ಮ ಓಣಿಯಲ್ಲಿ ಯಾವಾಗ ಬರವಿತ್ತು? ಭಾನುವಾರ ಬೆಳಿಗ್ಗೆ ಅಪ್ಪ ಬಿಳಿ ಷರಟು ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕುಳಿತು ಹಾರ್ನ್ ಒತ್ತಿದರೆ, ಎದುರು ಮನೆಯ ಬಷೀರ್ ಚಾಚಾ ಲುಂಗಿ ಎತ್ತಿ ಕಟ್ಟಿಕೊಂಡು ಬರುತ್ತಿದ್ದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಮಕ್ಕಳ ಬಟ್ಟೆಯ ಅಂಗಡಿ ಅವರದು. ಪಕ್ಕದ ಮನೆಯ ಸೆಲ್ವಿ ಆಂಟಿಯೂ ಬರುತ್ತಿದ್ದರು. ಅವರು ರಸೆಲ್ ಮಾರುಕಟ್ಟೆಯಿಂದ ಹೂ ತಂದು ಕಟ್ಟಿ ಮಾರುತ್ತಿದ್ದವರು. ಆಂಟಿ ಕಾರಿಗೆ ಕೈ ಮುಟ್ಟಿಸುತ್ತಿರಲಿಲ್ಲ. ಪಕ್ಕದಲ್ಲಿ ನಿಂತು "ಐಲಸಾ!" ಎಂದು ಕೂಗುತ್ತಿದ್ದರು. ಇನ್ನು ದಾರಿಯಲ್ಲಿ ಹೋಗುವವರು, ಬರುವವರು, ಹಾಲಿನವರು, ಯಾರು ಕಣ್ಣಿಗೆ ಬಿದ್ದರೆ ಅವರು. ಎಲ್ಲರ ನಡುವೆ, ನಂಬರ್ ಪ್ಲೇಟಿನ ಎತ್ತರಕ್ಕೆ, ನಾನು.

ನಾನೇ ಆ ಕಾರನ್ನು ಓಡಿಸುತ್ತಿದ್ದೆ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ದೊಡ್ಡವರೆಲ್ಲ ಕೈಯಿಟ್ಟಾಗ ಕದಲದ ಕಾರು ನಾನು ಕೈಯಿಟ್ಟು ಮುಕ್ಕಿದ ಕೂಡಲೇ ಸರ್ರನೆ ಜಾರುತ್ತಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಗಾಡಿಯ ನೆರಳಲ್ಲಿ ನಡೆಯುವ ನಾಯಿ ಗಾಡಿಯನ್ನು ತಾನೇ ಎಳೆಯುತ್ತಿದ್ದೇನೆ ಅಂದುಕೊಳ್ಳುತ್ತದೆ ಎಂದು ಅಜ್ಜಿ ನನ್ನ ಕಡೆ ನೋಡಿ ಹೇಳುತ್ತಿದ್ದಳು. ಬಷೀರ್ ಚಾಚಾರಿಗೆ ಹೇಳುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ.

ಕಾರು ಮೇನ್ ರೋಡಿನ ತಿರುವಿನಲ್ಲಿ ಕೆಮ್ಮಿ ಹೊಗೆ ಬಿಟ್ಟು ಹೊರಟಿತೆಂದರೆ, ತಳ್ಳಿದವರೆಲ್ಲ ಕೈ ಒರೆಸಿಕೊಂಡು ಮಾತಾಡುವುದು ಕೇಳಬೇಕು. "ನಂದೇನಿದೆ ಬಿಡಿ, ಅಳಿಲು ಸೇವೆ." "ಅಯ್ಯೋ, ನೀವು ಹೆಗಲು ಕೊಟ್ಟಿದ್ದಕ್ಕೇ ಹೋಗಿದ್ದು." ಒಬ್ಬರಿಗಿಂತ ಒಬ್ಬರು ವಿನಯವಂತರು. ಆದರೆ ನಮ್ಮ ಓಣಿಯ ಗೋಡೆಗಳು ಬಹಳ ತೆಳು. ಅರ್ಧ ಗಂಟೆ ಬಿಟ್ಟು ಅದೇ ಬಷೀರ್ ಚಾಚಾ ಮನೆಯೊಳಗೆ, "ಅರೇ ಬೇಗಂ, ಕಮರ್ ಟೂಟ್ ಗಯಾ! ಸಬ್ ಮೈಂಇಚ್ ಢಕೇಲಾ!" ಎಂದು, ಎಲ್ಲ ತಾವೊಬ್ಬರೇ ತಳ್ಳಿ ಸೊಂಟ ಮುರಿದುಕೊಂಡಂತೆ, ಎಣ್ಣೆ ತಿಕ್ಕಿಸಿಕೊಳ್ಳುವುದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಇತ್ತ ಕಡೆ ಸೆಲ್ವಿ ಆಂಟಿ ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆಯುವುದೂ ಕೇಳುತ್ತಿತ್ತು. ಬೀದಿಯಲ್ಲಿ ಅಳಿಲು, ಮನೆಯೊಳಗೆ ಹನುಮಂತ. ನಾನೂ ಒಳಗೆ ಹೋಗಿ ಅಂಗೈ ಕೆಂಪಾಗಿದ್ದನ್ನು ಎಲ್ಲರಿಗೂ ತೋರಿಸುತ್ತಿದ್ದೆ.

ಈಗ ಆ ದಿನದ ವಿಷಯ.

ಅಮ್ಮನಿಗೆ ದಿನ ತುಂಬಿತ್ತು. ಬೆಳಿಗ್ಗೆ ನಾನು ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತಿದ್ದೆ. ಒಂದು ಜಡೆ ಮುಗಿದಿತ್ತು, ಇನ್ನೊಂದರ ನಡುವೆ ಅಮ್ಮನ ಕೈ ನಿಂತಿತು. "ನಿಮ್ಮಪ್ಪನ್ನ ಕರಿ" ಎಂದಳು. ಅಪ್ಪ ಅರ್ಧ ಮುಖಕ್ಕೆ ಸೋಪಿನ ನೊರೆ ಇಟ್ಟುಕೊಂಡೇ ಓಡಿಬಂದರು. ಸೆಲ್ವಿ ಆಂಟಿ ಅಮ್ಮನನ್ನು ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ಬಟ್ಟೆಯ ಗಂಟು ಇಟ್ಟರು. ಅಪ್ಪ ಹಾರ್ನ್ ಒತ್ತಿದರು. ಅಂದು ಬರೀ ಬಷೀರ್ ಚಾಚಾ ಅಲ್ಲ, ಓಣಿಗೆ ಓಣಿಯೇ ಹೊರಗೆ ಬಂತು. ಮದುವೆಮನೆಗೆ ಹೊರಟಿದ್ದ ಬ್ಯಾಂಡ್‌ಸೆಟ್ಟಿನ ಇಬ್ಬರು ಕೆಂಪು ಕೋಟಿನವರು ಕೂಡ ತಮ್ಮ ತುತ್ತೂರಿಗಳನ್ನು ನಮ್ಮ ಜಗಲಿಯ ಮೇಲಿಟ್ಟು ಕಾರಿನ ಹಿಂದೆ ನಿಂತರು.

"ಐಲಸಾ!" ಎಂದರು ಆಂಟಿ.

ಕಾರು ಅಲುಗಲಿಲ್ಲ.

"ಐಲಸಾ!"

ಇಲ್ಲ. ಇಳಿಜಾರಿಗೆ ಮುಖಮಾಡಿ ನಿಂತ ಕಾರು ಅದು. ಬೇರೆ ದಿನ ಮೂರು ಜನಕ್ಕೇ ಜಾರುತ್ತಿತ್ತು. ಇಂದು ಇಷ್ಟು ಜನ ಮುಕ್ಕಿದರೂ ಬೇರುಬಿಟ್ಟ ಹಾಗೆ ನಿಂತಿದೆ. ಬಷೀರ್ ಚಾಚಾ, "ಎಲ್ರೂ ಸೇರಿ ಒತ್ರೋ! ನಾನು ಒಬ್ನೇ ಎಷ್ಟಂತ ಒತ್ಲಿ?" ಎಂದು ರೇಗಿದರು. ಹಾಲಿನವನು, "ಸಾಬ್ರೇ, ಒತ್ತಾ ಇರೋದು ನಾನು. ನೀವು ಬರೀ ಮಾತಾಡ್ತಾ ಇದೀರ" ಎಂದ. ಕೆಂಪು ಕೋಟಿನವರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡರು. ಪ್ರತಿಯೊಬ್ಬರಿಗೂ ತಾವೊಬ್ಬರೇ ಜೀವ ತೇಯುತ್ತಿದ್ದೇವೆ, ಮಿಕ್ಕವರೆಲ್ಲ ಕಾರಿಗೆ ಕೈ ಒರಗಿಸಿ ನಿಂತಿದ್ದಾರೆ ಎಂಬ ಖಾತ್ರಿ. ನನಗೂ ಹಾಗೇ ಇತ್ತು. ಆದರೆ ನಾನು ಸಿಟ್ಟು ಮಾಡುವ ಸ್ಥಿತಿಯಲ್ಲಿರಲಿಲ್ಲ. ತಲೆಯೆತ್ತಿದರೆ ಹಿಂದಿನ ಗಾಜಿನಲ್ಲಿ, ಇತ್ತ ತಿರುಗಿದ ಅಮ್ಮನ ಮುಖ ಕಾಣುತ್ತಿತ್ತು. ತುಟಿ ಕಚ್ಚಿದ್ದಳು. ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ಅಮ್ಮನನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ನಾನು ತಳ್ಳದಿದ್ದರೆ ಅಮ್ಮ ಸತ್ತುಹೋಗುತ್ತಾಳೆ ಅನ್ನಿಸಿತು. ಅಳುತ್ತಾ ತಲೆಯನ್ನೇ ಡಿಕ್ಕಿಗೆ ಕೊಟ್ಟು ತಳ್ಳಿದೆ.

ಆಗ ಕಾರಿನ ಬಾಗಿಲು ತೆರೆಯಿತು. ಅಮ್ಮ ಇಳಿದಳು.

"ಎಲ್ರೂ ಒಂಚೂರು ತಡೀರಿ" ಎಂದಳು. ಅಪ್ಪನ ಕಡೆಗೆ ತಿರುಗಿ, "ರೀ, ಬ್ರೇಕ್ ಒತ್ಕೊಂಡಿರಿ" ಎಂದಳು. ಕಾರನ್ನು ಹಿಡಿದುಕೊಂಡು ಮುಂದಕ್ಕೆ ಹೋದಳು. ಅಲ್ಲಿ ಬಾನೆಟ್ಟಿನ ಆಚೆ ಬಾಗಿದಳು. ವಾಂತಿ ಮಾಡಲು ಹೋದಳೆಂದು ಎಲ್ಲರೂ ತಿಳಿದರು. ನಮ್ಮ ಓಣಿಯ ಗಂಡಸರು ಮರ್ಯಾದಸ್ಥರು. ಬಷೀರ್ ಚಾಚಾ ತಟ್ಟನೆ ಬೆನ್ನು ತಿರುಗಿಸಿ ತಮ್ಮ ಮನೆ ಬಾಗಿಲನ್ನು ನೋಡುತ್ತಾ ನಿಂತರು. ಹಾಲಿನವನು ಕ್ಯಾನಿನ ಮುಚ್ಚಳ ಸರಿಮಾಡಿದ. ಕೆಂಪು ಕೋಟಿನವರು ಆಕಾಶ ನೋಡಿದರು. ಡ್ರೈವರ್ ಸೀಟಿನಲ್ಲಿದ್ದ ಅಪ್ಪ ಕೂಡ ಸ್ಟೀರಿಂಗಿನ ಮೇಲೆ ತಲೆ ತಗ್ಗಿಸಿದರು. ಸೆಲ್ವಿ ಆಂಟಿ ನೀರು ತರಲು ಒಳಗೆ ಓಡಿದ್ದರು. ಕಾರಿನ ಹಿಂದಿದ್ದ ನನ್ನ ಎತ್ತರಕ್ಕೆ ಬಾನೆಟ್ಟಿನ ಆಚೆ ಏನೂ ಕಾಣುತ್ತಿರಲಿಲ್ಲ.

ಅಮ್ಮ ನಿಧಾನವಾಗಿ ಬಂದು ಮತ್ತೆ ಕುಳಿತಳು. ಬಾಗಿಲು ಹಾಕಿಕೊಂಡಳು. "ಹೂಂ, ಈಗ" ಎಂದಳು. ಸೆಲ್ವಿ ಆಂಟಿ ನೀರಿನ ಚೊಂಬು ಹಿಡಿದೇ ಓಡಿಬಂದರು.

"ಐಲಸಾ!"

ಕಾರು ಎಷ್ಟು ಜೋರಾಗಿ ಹೋಯಿತೆಂದರೆ ನಾನು ಮುಖ ಅಡಿಯಾಗಿ ರಸ್ತೆಗೆ ಬಿದ್ದೆ. ಗಲ್ಲದ ಕೆಳಗೆ ಆ ಗಾಯದ ಗುರುತು ಇನ್ನೂ ಇದೆ. ನಂಬದವರಿಗೆ ತೋರಿಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ತಂಗಿ ಹುಟ್ಟಿದಳೆಂದು ಸುದ್ದಿ ಬಂತು. ಎಲ್ಲರೂ ಗೆದ್ದವರ ಹಾಗೆ ಓಣಿಯಲ್ಲಿ ಓಡಾಡಿದರು. ನಾನಂತೂ ಒಂದೇ ಜಡೆಯಲ್ಲಿ, ಗಲ್ಲಕ್ಕೆ ಅರಿಶಿನ ಮೆತ್ತಿಕೊಂಡು, ಅವಳನ್ನು ನಾನೇ ಹಡೆದಂತೆ ಮೆರೆದೆ.

ತಂಗಿಗೆ ಪಲ್ಲವಿ ಎಂದು ಹೆಸರಿಟ್ಟರು. ಆ ಹುಡುಗಿಯ ಪಾಡು ಹೇಳಬೇಕು. ಹುಟ್ಟಿದ ದಿನದಿಂದ ಅವಳು ಇಡೀ ಓಣಿಯ ಋಣದಲ್ಲಿದ್ದಳು. ಪ್ರತಿ ಹುಟ್ಟುಹಬ್ಬಕ್ಕೆ ಬಷೀರ್ ಚಾಚಾ ಅಂಗಡಿಯಿಂದ ಫ್ರಾಕು ತಂದುಕೊಟ್ಟು, "ಬೇಟಿ, ಆವತ್ತು ನಾನು ಧಕ್ಕಾ ಕೊಡಲಿಲ್ಲ ಅಂದ್ರೆ ನೀನು ರಸ್ತೆ ಮೇಲೇನೇ ಹುಟ್ತಿದ್ದೆ" ಎನ್ನುವರು. ಸೆಲ್ವಿ ಆಂಟಿ ಮೊಳ ಮಲ್ಲಿಗೆ ಮುಡಿಸಿ, "ಇವ್ರೆಲ್ಲ ಒಬ್ಬೊಬ್ರು ಒಂದೊಂದ್ ಟೈಮಲ್ಲಿ ತಳ್ತಾ ಇದ್ರು ಮಾ. ನಾನ್ ಐಲಸಾ ಹೇಳಿದ್ಮೇಲೇನೇ ಗಾಡಿ ಹೋಗಿದ್ದು" ಎನ್ನುವರು. ಅಪ್ಪ ಮಾತ್ರ ತಲೆಯಾಡಿಸಿ, "ಎಷ್ಟು ಜನ ತಳ್ಳಿದ್ರೇನು, ಕ್ಲಚ್ ಬಿಡೋ ಹೊತ್ತು ಗೊತ್ತಿರ್ಬೇಕು" ಎನ್ನುವರು. ಓಣಿಯಲ್ಲಿ ಯಾರೇ "ನಿನ್ನ ತಳ್ಳಿದ್ದು ನಾನು, ಹೋಗಿ ಕೊತ್ತಂಬರಿ ತಗೊಂಡ್ಬಾ" ಎಂದರೆ ಪಾಪದ ಹುಡುಗಿ ಹೋಗಿ ತರುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಅವಳನ್ನು ದೋಚಿದವಳು ನಾನು. ಅವಳ ಪಾಲಿನ ಮೈಸೂರುಪಾಕು ಎಷ್ಟೋ ವರ್ಷ ನನ್ನ ಗಲ್ಲದ ಗಾಯಕ್ಕೆ ಪರಿಹಾರವಾಗಿ ಸಂದಿದೆ.

ಹೋದ ವರ್ಷ ಇದೇ ಪಲ್ಲವಿ ಬಸುರಿಯಾದಳು. ಮದುವೆಯಾಗಿ ಬಹಳ ಕಾದ ಮೇಲೆ ಆದದ್ದು. ಕೆ.ಆರ್. ಪುರದ ಗಂಡನ ಮನೆಯಿಂದ ಅವಳನ್ನು ಹಲಸೂರಿಗೆ ಕರೆತಂದು ತಾರಸಿಯ ಮೇಲೆ ಶಾಮಿಯಾನ ಹಾಕಿ ಸೀಮಂತ ಮಾಡಿದೆವು. ಬಷೀರ್ ಚಾಚಾ ಕೋಲೂರಿಕೊಂಡು ಮೆಟ್ಟಿಲು ಹತ್ತಿಬಂದರು. ಸೆಲ್ವಿ ಆಂಟಿ ಮೊಗ್ಗಿನ ಜಡೆ ತಾವೇ ಹೆಣೆದು ತಂದರು.

ಶಾಸ್ತ್ರಕ್ಕೆ ಮೊದಲು ಆ ಜಡೆಯನ್ನು ನಾನು ಪಲ್ಲವಿಗೆ ಮುಡಿಸುತ್ತಿದ್ದೆ. ಕನ್ನಡಿಯಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು.

"ಅಕ್ಕಾ, ನನ್ನ ಕೈಲಿ ಆಗಲ್ಲ ಅನ್ಸತ್ತೆ ಕಣೇ."

"ಏನು?"

"ಹೆರೋದು." ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು. "ಎಲ್ರೂ ಏನೇನೋ ಮಾಡ್ತಿದಾರೆ. ಇವ್ರು ಊಟದ ಚಾರ್ಟ್ ಬರೆದಿದಾರೆ. ಅತ್ತೆ ಕೇಸರಿ ಹಾಲು ಕೊಡ್ತಾರೆ. ಅಪ್ಪ ದಿನಾ ಫೋನ್ ಮಾಡಿ ವಾಕಿಂಗ್ ಹೋದ್ಯಾ ಅಂತಾರೆ. ನೀನು ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀಯ. ನಾನೇ ಏನೂ ಮಾಡ್ತಿಲ್ಲ. ಸುಮ್ನೆ ಊದ್ಕೊಂಡು ಕೂತಿದೀನಿ. ಆ ಹೊತ್ತಿಗೆ ನಾನೊಬ್ಳೇ ಇರ್ತೀನಲ್ಲ ಅಕ್ಕಾ, ಆಗೇನ್ ಮಾಡ್ಲಿ?"

"ಹುಚ್ಚಿ, ನಾವೆಲ್ಲ ಇದೀವಲ್ಲ" ಎಂದೆ. ಅದು ಅವಳಿಗೆ ಬೇಕಾಗಿದ್ದ ಉತ್ತರವಲ್ಲ ಎಂದು ಹೇಳುವಾಗಲೇ ಗೊತ್ತಿತ್ತು. ಜಡೆಗೆ ಇನ್ನೊಂದು ಪಿನ್ನು ಸಿಕ್ಕಿಸಿದೆ.

ಆರತಿ ಮುಗಿದು ಊಟವಾದ ಮೇಲೆ ಎಲೆಯಡಿಕೆ ತಟ್ಟೆಯ ಸುತ್ತ ಹಳಬರೆಲ್ಲ ಸೇರಿದರು. ಮಾತು ಎಲ್ಲಿಗೆ ಬಂತೆಂದು ಹೇಳಬೇಕಾಗಿಲ್ಲ. ಬಷೀರ್ ಚಾಚಾ ಕೋಲನ್ನೇ ಕಾರು ಮಾಡಿಕೊಂಡು ಹೇಗೆ ತಳ್ಳಿದೆನೆಂದು ತೋರಿಸಿದರು. ಸೆಲ್ವಿ ಆಂಟಿ ಒಮ್ಮೆ ಐಲಸಾ ಕೂಗಿದರು, ಕೆಳಗಿನ ಮನೆಯ ನಾಯಿ ಬೊಗಳಿತು. ಅಪ್ಪ ಎಡಗಾಲಿನಲ್ಲಿ ಇಲ್ಲದ ಕ್ಲಚ್ಚನ್ನು ಒತ್ತಿ ಬಿಟ್ಟರು. ನಾನೂ ಬಿಡಲಿಲ್ಲ, ಗಲ್ಲ ಎತ್ತಿ ತೋರಿಸಿದೆ.

ಮಣೆಯ ಮೇಲೆ ಕುಳಿತಿದ್ದ ಪಲ್ಲವಿ ಎಲ್ಲ ಕೇಳಿಸಿಕೊಂಡು, "ಅದ್ಸರಿ, ಮೊದ್ಲು ಯಾಕೆ ಹೊರಡ್ಲಿಲ್ಲ ಅದು?" ಎಂದಳು.

ಇಷ್ಟು ವರ್ಷ ಹೊರಟದ್ದು ಯಾರಿಂದ ಎಂದು ಜಗಳವಾಡಿದ್ದೆವು. ಯಾಕೆ ಹೊರಟಿರಲಿಲ್ಲ ಎಂದು ಯಾರೂ ಕೇಳಿರಲಿಲ್ಲ.

"ಬೇರೆಯವರು ಸರಿಯಾಗಿ ತಳ್ಳಲಿಲ್ಲ, ಅದಕ್ಕೇ" ಎಂದರು ಚಾಚಾ. ಇದನ್ನು ಎಲ್ಲರೂ ಒಪ್ಪಿ ತಲೆಯಾಡಿಸಿದರು. ಬೇರೆಯವರು ಎಂದರೆ ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಅಮ್ಮ ಮೂಲೆಯಲ್ಲಿ ಕುಳಿತು ಮುತ್ತೈದೆಯರಿಗೆ ಕೊಡುವ ಬಳೆಗಳನ್ನು ಬೇರೆಬೇರೆ ಮಾಡುತ್ತಿದ್ದಳು. ತಲೆಯೆತ್ತದೆ ಹೇಳಿದಳು.

"ಕಲ್ಲಿತ್ತಲ್ಲ."

"ಯಾವ ಕಲ್ಲು?" ಅಪ್ಪ ಕೇಳಿದರು.

"ಅದೇ, ಚಕ್ರದ ಮುಂದಿನ ಗುಂಡುಕಲ್ಲು. ಆವತ್ತು ನಾನು ಮೊದ್ಲೇ ಒಳಗೆ ಕೂತ್ಬಿಟ್ಟಿದ್ನಲ್ಲ. ಅದು ಅಲ್ಲೇ ಇತ್ತು."

ನನ್ನ ಕಣ್ಣ ಮುಂದೆ ಎಷ್ಟೋ ಭಾನುವಾರಗಳು ಬಂದವು. ನಾವೆಲ್ಲ ಹಿಂದೆ ನಿಂತು ತೋಳು ಮಡಿಸುತ್ತಿರುವಾಗ ಅಮ್ಮ ಸೆರಗು ಸಿಕ್ಕಿಸಿಕೊಂಡು ಮುಂದಿನಿಂದ ಬಂದು ಕಾರು ಹತ್ತುತ್ತಿದ್ದಳು. ಯಾಕೆ ಮುಂದಿನಿಂದ ಬರುತ್ತಾಳೆ ಎಂದು ಯೋಚಿಸಿದವರು ಯಾರು? ಕಲ್ಲು ಸಂಜೆ ಚಕ್ರದ ಮುಂದೆ ಇರುತ್ತಿತ್ತು, ಭಾನುವಾರ ಬೆಳಿಗ್ಗೆ ಹೊಸಲಿನ ಪಕ್ಕದಲ್ಲಿರುತ್ತಿತ್ತು. ಅದಕ್ಕೆ ಕಾಲಿದೆ ಎಂದೇ ನಾವೆಲ್ಲ ತಿಳಿದಿದ್ದೆವೇನೋ. ಕಲ್ಲು ತೆಗೆದರೆ ಆ ಇಳಿಜಾರಿನಲ್ಲಿ ಕಾರು ತಾನಾಗಿಯೇ ಜಾರುತ್ತಿತ್ತು. ತಾತನ ಕಾಲದ ನೀರಿಗೂ ಅದು ಗೊತ್ತಿತ್ತು.

"ಅಮ್ಮಾ," ಪಲ್ಲವಿಯ ದನಿ ಸಣ್ಣಗಾಗಿತ್ತು, "ನೋವು ತಿನ್ಕೊಂಡು, ಕೆಳಗಿಳಿದು, ನೀನು ಕಲ್ಲು ತೆಗೆದ್ಯಾ?"

"ಕಾಲಲ್ಲಿ ತಳ್ಳಿದೆ ಕಣೇ, ಬಗ್ಗಿ ಎತ್ತೋಕೆಲ್ಲಿ ಆಗ್ತಿತ್ತು?" ಅಮ್ಮ ಒಂದು ಡಜನ್ ಹಸಿರು ಬಳೆ ದಾರಕ್ಕೆ ಕಟ್ಟಿದಳು. "ಇನ್ಯಾರ್ ತೆಗೀತಿದ್ರು? ಎಲ್ರೂ ತಳ್ತಾ ಇದ್ರಲ್ಲ."

ನಾನು ನಾಚಿಕೆಯಿಂದ ನೆಲ ನೋಡಿದೆ. ಮಿಕ್ಕವರೂ ನೋಡುತ್ತಾರೆ ಎಂದುಕೊಂಡಿದ್ದೆ. ನಮ್ಮ ಓಣಿಯವರನ್ನು ನಾನಿನ್ನೂ ಅರಿತಿರಲಿಲ್ಲ.

"ಯಾ ಅಲ್ಲಾ!" ಬಷೀರ್ ಚಾಚಾ ಕೋಲು ನೆಲಕ್ಕೆ ಕುಟ್ಟಿದರು. ಮುಖ ಅರಳಿತ್ತು. "ಕಲ್ಲು ಇಟ್ಟಿರೋ ಗಾಡೀನ ತಳ್ಳಿದ್ದಾ ನಾನು? ಅಷ್ಟು ಹೊತ್ತು? ನೋಡಿ ಮತ್ತೆ, ಎಂಥಾ ತಾಕತ್ತಿತ್ತು ಆವಾಗ!"

"ನಾನು ಬ್ರೇಕ್ ಒತ್ತಿ ಹಿಡಿದಿದ್ದಕ್ಕೇ ಇವಳು ಕಲ್ಲು ತೆಗೆಯೋಕಾಗಿದ್ದು" ಎಂದರು ಅಪ್ಪ. "ಇಲ್ಲಾಂದ್ರೆ ಕಾರು ಇವಳ ಮೇಲೇನೇ ಹೋಗ್ತಿತ್ತು."

"ಕಲ್ಲೋ ಗಿಲ್ಲೋ, ನಾನ್ ಹೇಳಿದ್ಮೇಲೆ ತಾನೇ ಹೋಗಿದ್ದು?" ಎಂದರು ಸೆಲ್ವಿ ಆಂಟಿ.

ನನಗೆ ನಗು ತಡೆಯಲಾಗಲಿಲ್ಲ. "ನೋಡಿದ್ಯಾ ಅಮ್ಮ? ಎಲ್ಲ ಮಾಡಿದ್ದು ನೀನು. ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲ!" ಎಂದೆ.

ಅಮ್ಮ ಈಗ ತಲೆಯೆತ್ತಿದಳು. ನನ್ನನ್ನು ದಡ್ಡಿಯೆಂಬಂತೆ ನೋಡಿದಳು.

"ನಾನೇನ್ ಮಾಡ್ದೆ? ಕಲ್ಲು ಏನ್ ಮಹಾ, ದಿನಾ ತೆಗೀತಿದ್ದೆ. ಅಲ್ಲಿ ನಿಂತಿದ್ದಾಗ ಗಂಗಮ್ಮಂಗೆ ತಂಬಿಟ್ಟಿನ ಆರತಿ ಹೊತ್ಕೊಂಡೆ. ಅದಕ್ಕೇ ಕಾರು ಹೋಗಿದ್ದು. ಆ ತಾಯಿ ತಳ್ಳಿದ್ಲು."

ಹೀಗೆ, ನಿಜವಾಗಿ ಕಾರು ಹೊರಡಿಸಿದವಳು ಕೂಡ ತಪ್ಪು ಕಾರಣಕ್ಕೇ ಹೆಮ್ಮೆಪಟ್ಟಳು. ಪಲ್ಲವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಾ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳದೆ ಅಮ್ಮನನ್ನೇ ನೋಡುತ್ತಾ ಕುಳಿತಳು. ಅಮ್ಮ ಅಂದು ಅವಳ ಕೈಗೆ ಬಳೆ ತೊಡಿಸುವಾಗ ಪಲ್ಲವಿ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಅವಳಿಗೆ ನೋವು ಬಂದದ್ದು ಒಂದು ಹಗಲು ಹೊತ್ತಿನಲ್ಲಿ. ರಘು ನಮ್ಮ ಕಾರನ್ನು ಹಲಸೂರಿನ ಮನೆ ಮುಂದೆ, ಅದೇ ಇಳಿಜಾರಿನಲ್ಲಿ ನಿಲ್ಲಿಸಿದ್ದ. ಹೊಸ ಕಾರು. ಗುಂಡಿ ಒತ್ತಿದರೆ ಸದ್ದಿಲ್ಲದೆ ಹೊರಡುತ್ತದೆ. ಆದರೂ ಓಣಿ ಹೊರಗೆ ಬಂತು. ಸೆಲ್ವಿ ಆಂಟಿ ಗಂಟಲು ಸರಿಮಾಡಿಕೊಂಡರು. ಬಷೀರ್ ಚಾಚಾ ಕೋಲನ್ನು ಎಡಗೈಗೆ ಬದಲಾಯಿಸಿ ಬಲಗೈಯನ್ನು ಡಿಕ್ಕಿಯ ಮೇಲಿಟ್ಟು ಸಿದ್ಧವಾಗಿ ನಿಂತರು. ಪಲ್ಲವಿಯ ಗಂಡ ಕೆಲಸದ ಕಡೆಯಿಂದ ಸೀದಾ ಆಸ್ಪತ್ರೆಗೆ ಬರುತ್ತೇನೆಂದು ಫೋನು ಮಾಡಿದ್ದ. ಪಲ್ಲವಿಯನ್ನು ಹಿಂದೆ ಕೂರಿಸಿ ನಾನೂ ಪಕ್ಕದಲ್ಲಿ ಕುಳಿತೆ. ಅಪ್ಪ ಇನ್ನೊಂದು ಬದಿಗೆ ಹತ್ತಿದರು.

"ಅಮ್ಮ ಎಲ್ಲಿ?" ರಘು ಕೇಳಿದ.

ಅಮ್ಮ ಕಾರಿನ ಮುಂದೆ ಇದ್ದಳು. ಆಪರೇಷನ್ ಆದ ಮಂಡಿಯ ಮೇಲೆ ಒಂದು ಕೈ, ಬಾನೆಟ್ಟಿನ ಮೇಲೆ ಒಂದು ಕೈ ಇಟ್ಟು ನಿಧಾನವಾಗಿ ಬಗ್ಗಿದಳು. ಒಂದು ಚಕ್ರದ ಕೆಳಗೆ ನೋಡಿದಳು. ಸುತ್ತಿ ಬಂದು ಇನ್ನೊಂದರ ಕೆಳಗೆ ನೋಡಿದಳು. ಆ ಗುಂಡುಕಲ್ಲಿನ ಹೋಳು ಹೊಸಲಿನ ಪಕ್ಕದಲ್ಲೇ ಇದೆ, ಅದರ ಮೇಲೆ ತುಳಸಿ ಕುಂಡ ಕುಳಿತು ಎಷ್ಟೋ ಕಾಲವಾಯಿತು. ಅಮ್ಮ ಬಂದು ಮುಂದಿನ ಸೀಟಿನಲ್ಲಿ ಕುಳಿತು ಬೆಲ್ಟ್ ಎಳೆದುಕೊಂಡಳು.

"ಕಲ್ಲಿತ್ತಾ ಅಮ್ಮ?" ಎಂದು ನಾನು ಕೇಳಿದೆ.

"ಇಲ್ಲ. ಆದ್ರೂ ಯಾರಾದ್ರೂ ನೋಡ್ಬೇಕಲ್ಲ."

"ಐಲಸಾ!" ಎಂದರು ಸೆಲ್ವಿ ಆಂಟಿ. ರಘು ಗುಂಡಿ ಒತ್ತಿದ. ಬಷೀರ್ ಚಾಚಾರ ಧಕ್ಕಾದಿಂದಲೇ ಕಾರು ಹೊರಟಿತು. ಕನ್ನಡಿಯಲ್ಲಿ ನೋಡಿದೆ, ಅವರು ಸೊಂಟ ಹಿಡಿದುಕೊಂಡು ನಿಂತಿದ್ದರು.

ಫ್ಲೈಓವರ್ ಬಂತು. ಏರು ಶುರುವಾದ ಕೂಡಲೇ ನನಗೆ ತಿಳಿಯದ ಹಾಗೆ ನಾನು ಮುಂದಕ್ಕೆ ಬಾಗಿದೆ. ನೋವಿನ ನಡುವೆ ಪಲ್ಲವಿ ನನ್ನನ್ನು ನೋಡಿ ಹಲ್ಲು ಕಚ್ಚಿಕೊಂಡೇ ನಕ್ಕಳು. "ತಳ್ಳಕ್ಕಾ, ತಳ್ಳು. ಇವತ್ತು ನಿಲ್ಲಿಸ್ಬೇಡ" ಎಂದು ನನ್ನ ಕೈ ಹಿಡಿದಳು. ನಾನು ತಳ್ಳಿದೆ.

ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಬಾಗಿಲವರೆಗೆ ಎಲ್ಲರೂ ಅವಳ ಜೊತೆ ಹೋದೆವು. ಅಲ್ಲಿ ನರ್ಸಮ್ಮ, "ಇಲ್ಲಿಂದಾಚೆ ಪೇಷೆಂಟ್ ಒಬ್ರೇ" ಎಂದರು. ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿಕೊಂಡಿತು. ಅವಳು ಕನ್ನಡಿಯ ಮುಂದೆ ಕುಳಿತು ಹೆದರಿದ್ದು ಈ ಬಾಗಿಲಿಗೇ ಎಂದು ನನಗೆ ಗೊತ್ತಿತ್ತು. ಹೊರಗೆ ಬೆಂಚಿನ ಮೇಲೆ ಸಾಲಾಗಿ ಕುಳಿತೆವು. ಪಲ್ಲವಿಯ ಗಂಡ ಓಡುತ್ತಾ ಬಂದು ಕೊನೆಯಲ್ಲಿ ಸೇರಿಕೊಂಡ. ಬೆನ್ನು ನೋಯತೊಡಗಿದಾಗ ನನಗೆ ಅರಿವಾಯಿತು, ನಾನು ಮುಂದಕ್ಕೆ ಬಾಗಿದ್ದೆ, ಹೊಟ್ಟೆ ಬಿಗಿಹಿಡಿದಿದ್ದೆ. ಸಂಕೋಚವಾಗಿ ಪಕ್ಕಕ್ಕೆ ನೋಡಿದೆ. ಅಮ್ಮ ಬಾಗಿದ್ದಳು. ಅವಳಾಚೆ ಅಪ್ಪ ಬಾಗಿದ್ದರು, ಎಡಗಾಲು ನೆಲಕ್ಕೆ ಒತ್ತಿತ್ತು. ಪಲ್ಲವಿಯ ಗಂಡ ಬಾಗಿದ್ದ. ನನ್ನನ್ನು ಗೇಲಿ ಮಾಡುವ ರಘು, ಅವನೂ ಬಾಗಿದ್ದ.

ಒಳಗೆ ಮಗು ಅತ್ತಿತು. ನಾವೆಲ್ಲ ಒಟ್ಟಿಗೆ ಬೆಂಚಿಗೆ ಒರಗಿ ಉಸಿರುಬಿಟ್ಟೆವು. ಎಲ್ಲರಿಗೂ ಸುಸ್ತಾಗಿತ್ತು.

ಸಂಜೆ ಅವಳನ್ನು ನೋಡಲು ಬಿಟ್ಟರು. ತಲೆಗೂದಲು ಬೆವರಿಗೆ ಹಣೆಗೆ ಅಂಟಿತ್ತು. ಹೆಣ್ಣುಮಗು ಪಕ್ಕದಲ್ಲಿ ಮಲಗಿತ್ತು. ನಾನು ಬಗ್ಗಿ ಅವಳ ಹಣೆ ಸವರಿದೆ. ಅವಳು ಮೆಲ್ಲಗೆ ಹೇಳಿದಳು:

"ಅಕ್ಕಾ, ಓಣಿಯಲ್ಲಿ ಎಲ್ರಿಗೂ ಹೇಳ್ಬಿಡು. ಇವಳನ್ನ ಯಾರೂ ತಳ್ಳಿಲ್ಲ. ನಾನೇ ಮಾಡಿದ್ದು. ಒಬ್ಳೇ."

ನನಗೆ ಅಳು ಬಂತು. "ಹೂಂ ಪುಟ್ಟಿ, ನೀನೇ. ಎಲ್ಲಾ ನೀನೇ" ಎಂದೆ. ಮನಸ್ಸಾರೆ ಹೇಳಿದೆ. ಅದರಲ್ಲಿ ಯಾರಿಗೂ ಪಾಲಿಲ್ಲ, ನನಗೂ ಇಲ್ಲ.

ಫ್ಲೈಓವರ್ ಹತ್ತಿಸಿದ್ದು ಮಾತ್ರ ನಾನು.